ಶೇಂಗಾ ರೈತನನ್ನು ಕಟ್ಟಿಹಾಕಿದ್ದು ಎಪಿಎಂಸಿ ಗೇಟೇ?

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಇನ್ನೂ ಉಳಿದಿದೆ. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಎಂದು ಹಿರಿಯರು ಹೇಳುತ್ತಿದ್ದ ಕಾಲವೊಂದಿತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗವೆಂದು ಶಾಲೆಯ ಪಾಠದಲ್ಲಿ ಬರುವ ನಾಯಕನಹಟ್ಟಿ ಇದೇ ತಾಲ್ಲೂಕಿನದು. ಇಲ್ಲಿಯೂ ಮೊಳಕಾಲ್ಮುರಿನಲ್ಲಿಯೂ ಮುಂಗಾರು ನಂಬಿ ಬೆಳೆಯುವ ಶೇಂಗಾದಿಂದಲೇ ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ತಿರುಗಿದ್ದವು. ಈಗ ಹಲವು ಮಿಲ್ಲುಗಳು ಮುಚ್ಚಿವೆ. ಯಾಕೆ ಹೀಗಾಯಿತು ಎಂದು ಕೇಳಿದರೆ ಎಲ್ಲರ ಬಳಿಯೂ ಸಿದ್ಧ ಉತ್ತರವಿದೆ. ಆ ಉತ್ತರಗಳಲ್ಲಿ ಕೆಲವು ತಪ್ಪು.

‘ಎಪಿಎಂಸಿ ಕಾಯ್ದೆ ರೈತನನ್ನು ತನ್ನ ತಾಲ್ಲೂಕಿನ ಮಾರುಕಟ್ಟೆಗೇ ಕಟ್ಟಿಹಾಕಿತ್ತು’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. 2020ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಕಾಯ್ದೆ ತಿದ್ದಿದಾಗ, ಅದೇ ವರ್ಷ ಕೇಂದ್ರ ಮೂರು ಕೃಷಿ ಕಾಯ್ದೆಗಳನ್ನು ತಂದಾಗ ಈ ಮಾತು ಮನೆಮಾತಾಯಿತು. ವಾಸ್ತವ ಬೇರೆ. 1966ರ ಕರ್ನಾಟಕ ಕಾಯ್ದೆ ನಿರ್ಬಂಧ ಹಾಕಿದ್ದು ಮುಖ್ಯವಾಗಿ ವರ್ತಕರಿಗೆ: ಲೈಸೆನ್ಸ್ ಬೇಕು, ಅಧಿಸೂಚಿತ ಉತ್ಪನ್ನದ ವ್ಯಾಪಾರ ಪ್ರಾಂಗಣದೊಳಗೆ ನಡೆಯಬೇಕು, ಶುಲ್ಕ ಕಟ್ಟಬೇಕು. ಚಳ್ಳಕೆರೆಯ ರೈತ ತನ್ನ ಶೇಂಗಾವನ್ನು ಬಳ್ಳಾರಿಗೋ ಗದಗಕ್ಕೋ ಒಯ್ದು ಮಾರಲು ಅಡ್ಡಿ ಇರಲಿಲ್ಲ. ಖಾಸಗಿ ಮಾರುಕಟ್ಟೆ ಮತ್ತು ನೇರ ಖರೀದಿಗೂ 2020ಕ್ಕೆ ಬಹಳ ಮೊದಲೇ ರಾಜ್ಯದ ಕಾಯ್ದೆಯಲ್ಲಿ ಜಾಗ ಸಿಕ್ಕಿತ್ತು. ಇನ್ನು ಹಳ್ಳಿಗೇ ಬಂದು ಕಣದಲ್ಲೇ ಕೊಳ್ಳುವ ವ್ಯಾಪಾರಿಗಳು ಕಾಯ್ದೆ ಏನೇ ಹೇಳಲಿ, ಹಿಂದೆಯೂ ಬರುತ್ತಿದ್ದರು, ಈಗಲೂ ಬರುತ್ತಾರೆ.

ಹಾಗೆಂದು ಪ್ರಾಂಗಣದಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ರಾಶಿಯ ಮುಂದೆ ನಿಂತ ಖರೀದಿದಾರ ಒಂದು ಹಿಡಿ ಕಾಯಿ ಎತ್ತಿ, ನಾಲ್ಕಾರು ಒಡೆದು, ಕಾಳು ಎಷ್ಟು ತುಂಬಿದೆ, ತೇವ ಎಷ್ಟಿದೆ ಎಂದು ಬೆರಳಲ್ಲೇ ಅಂದಾಜು ಮಾಡುತ್ತಾನೆ. ಆ ಬೆರಳಿನ ತೀರ್ಪೇ ದರವಾಗುತ್ತದೆ. 2014ರಲ್ಲಿ ಶುರುವಾದ ಏಕೀಕೃತ ಮಾರುಕಟ್ಟೆ ವೇದಿಕೆ ಟೆಂಡರನ್ನು ಕಂಪ್ಯೂಟರಿಗೆ ತಂದಿತು. ಆದರೆ ಪ್ರಯೋಗಾಲಯದಲ್ಲಿ ಗುಣಮಟ್ಟ ಪರೀಕ್ಷಿಸುವ ಏರ್ಪಾಡು ಗಟ್ಟಿಯಾಗದ ಹೊರತು ದೂರದ ಖರೀದಿದಾರ ಕಾಣದ ಮಾಲಿಗೆ ಧೈರ್ಯವಾಗಿ ದರ ಬರೆಯುವುದಿಲ್ಲ. ಮುಕ್ತ ಮಾರುಕಟ್ಟೆ ಬೇಕೆನ್ನುವವರು ಮೊದಲು ದನಿಯೆತ್ತಬೇಕಾದದ್ದು ಇದಕ್ಕೆ. ಕಾಯ್ದೆ ತೆಗೆದರಷ್ಟೇ ಸಾಲದು: ಬಿಹಾರ 2006ರಲ್ಲೇ ಎಪಿಎಂಸಿ ಕಾಯ್ದೆಯನ್ನು ಪೂರ್ತಿ ರದ್ದು ಮಾಡಿತು. ಅಲ್ಲಿನ ಭತ್ತದ ರೈತ ಇಂದಿಗೂ ಬೆಂಬಲ ಬೆಲೆಗಿಂತ ಕಡಿಮೆಗೆ ಮಾರುವುದು ತಪ್ಪಿಲ್ಲ.

‘ಬೆಂಬಲ ಬೆಲೆ ಘೋಷಣೆಯಾಯಿತೆಂದರೆ ಆ ಬೆಲೆ ಸಿಕ್ಕೇ ಸಿಗುತ್ತದೆ’ ಎಂಬುದು ಇನ್ನೊಂದು ನಂಬಿಕೆ. 2025-26ಕ್ಕೆ ಶೇಂಗಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ಇದು ಸರ್ಕಾರದ ಘೋಷಣೆ, ರೈತನ ಕಾನೂನುಬದ್ಧ ಹಕ್ಕಲ್ಲ. ಖರೀದಿ ಕೇಂದ್ರ ತೆರೆದರೆ, ಹೆಸರು ನೋಂದಾಯಿಸಿದ್ದರೆ, ತೇವಾಂಶ ಮಿತಿಯೊಳಗಿದ್ದರೆ ಮಾತ್ರ ಅದು ಕೈಗೆ ಬರುತ್ತದೆ. ಕಾಯಿ ಕಿತ್ತ ಕೂಡಲೇ ಗೊಬ್ಬರದಂಗಡಿಯ ಬಾಕಿ, ಬೀಜದ ಸಾಲ ಎದುರಿಗೆ ನಿಂತಿರುವವನು ಕೇಂದ್ರ ತೆರೆಯುವವರೆಗೆ ಕಾಯಲಾರ. ದೇಶದಲ್ಲಿ ಬೆಂಬಲ ಬೆಲೆಗೆ ಮಾರಿದವರು ಶೇ 6ರಷ್ಟು ರೈತರು ಮಾತ್ರ ಎಂದು 2015ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ಶಾಂತಾ ಕುಮಾರ್ ಸಮಿತಿ ಹೇಳಿತ್ತು.

ಮಿಲ್ಲುಗಳ ವಿಷಯಕ್ಕೆ ಬಂದರೆ, ‘ವಿಶ್ವ ವ್ಯಾಪಾರ ಸಂಸ್ಥೆ ನಮ್ಮ ಕೈ ಕಟ್ಟಿದ್ದರಿಂದ ತಾಳೆ ಎಣ್ಣೆ ನುಗ್ಗಿತು’ ಎನ್ನುವವರಿದ್ದಾರೆ. ಆ ಸಂಸ್ಥೆಯ ಒಪ್ಪಂದದ ಪ್ರಕಾರ ತಾಳೆ ಎಣ್ಣೆಗೆ ಶೇ 300ರವರೆಗೂ ಸುಂಕ ಹಾಕಲು ಭಾರತಕ್ಕೆ ಅವಕಾಶವಿದೆ. ಸೋಯಾ ಎಣ್ಣೆಗೆ ಮಾತ್ರ ಮಿತಿ ಬಿಗಿ, ಶೇ 45. ಬಾಗಿಲು ತೆರೆದದ್ದು ದೆಹಲಿಯೇ. 1986ರಲ್ಲಿ ಆರಂಭವಾದ ಎಣ್ಣೆಕಾಳು ತಂತ್ರಜ್ಞಾನ ಅಭಿಯಾನದಿಂದ ತೊಂಬತ್ತರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಬಹುಪಾಲು ಸ್ವಾವಲಂಬಿಯಾಗಿತ್ತು. 1994ರಲ್ಲಿ ತಾಳೆ ಎಣ್ಣೆ ಆಮದು ಮುಕ್ತವಾಯಿತು, ಶೇ 65ರ ಸುಂಕದೊಂದಿಗೆ. 1998ರ ಹೊತ್ತಿಗೆ ಆ ಸುಂಕ ಶೇ 15ಕ್ಕೆ ಇಳಿದಿತ್ತು. ಇಂದು ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಮಳೆ ಕೈಕೊಟ್ಟು ಇಳುವರಿ ಕುಸಿದದ್ದೂ ಮಿಲ್ಲುಗಳನ್ನು ಹಣ್ಣು ಮಾಡಿತು, ನಿಜ. ಆದರೆ ಬರ ಈ ಸೀಮೆಗೆ ಹೊಸದೇನಲ್ಲ. ಅಗ್ಗದ ಆಮದು ಎಣ್ಣೆ ಹೊಸದು.

ಸುಂಕದ ಏರಿಳಿತವಂತೂ ನಿಂತೇ ಇಲ್ಲ. ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು 2024ರ ಸೆಪ್ಟೆಂಬರ್‌ನಲ್ಲಿ ಶೇ 20ಕ್ಕೆ ಏರಿಸಿದರು. 2025ರ ಮೇ ಕೊನೆಗೆ, ಇಲ್ಲಿನ ರೈತರು ಬಿತ್ತನೆಗೆ ಹೊಲ ಹಸನು ಮಾಡುವ ಹೊತ್ತಿಗೆ, ಅದನ್ನು ಶೇ 10ಕ್ಕೆ ಇಳಿಸಿದರು. ಪೇಟೆಯ ಗ್ರಾಹಕನಿಗೆ ಎಣ್ಣೆ ಅಗ್ಗವಾಗಬೇಕೆಂಬುದು ನ್ಯಾಯವೇ. ಆದರೆ ಅದರ ಬೆಲೆಯನ್ನು ಒಣಭೂಮಿಯ ರೈತನೊಬ್ಬನಿಂದಲೇ ವಸೂಲು ಮಾಡುವುದು ನ್ಯಾಯವಲ್ಲ.

ಕೊನೆಗೊಂದು ಸಣ್ಣ ವಿಷಯ, ದುಡ್ಡಿನದು. ‘ಕಮಿಷನ್ ಕೊಡುವುದು ರೈತನ ಪಾಲು’ ಎಂದು ನಂಬಿ ಸುಮ್ಮನಿರುವವರು ಬಹಳ. ಕರ್ನಾಟಕದ ಕಾಯ್ದೆಯಂತೆ ಮಾರುಕಟ್ಟೆ ಶುಲ್ಕವೂ ದಲಾಲಿಯೂ ಖರೀದಿದಾರನ ಮೇಲೆಯೇ ಬೀಳಬೇಕು. ಈ ಸಲ ಶೇಂಗಾ ಮಾರಿದ ಮೇಲೆ ಲೆಕ್ಕದ ಚೀಟಿಯನ್ನು ಒಮ್ಮೆ ಓದಿ. ಕಮಿಷನ್ ಹೆಸರಲ್ಲಿ ಹಣ ಮುರಿದುಕೊಂಡಿದ್ದರೆ ಎಪಿಎಂಸಿ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ.