ರಜೆಗೆ ಮೂರು ಪುಸ್ತಕಗಳು

ಬೇಸಿಗೆಯ ರಜೆ ಸಮೀಪಿಸಿದಾಗ ರೈಲಿನ ಟಿಕೆಟ್ಟಿಗಾಗಿ ನಾವು ತೋರುವ ಮುತುವರ್ಜಿಯನ್ನು ಪುಸ್ತಕಗಳ ವಿಷಯದಲ್ಲಿ ತೋರುವುದಿಲ್ಲ. ಕಳೆದ ವರ್ಷ ಊರಿನಿಂದ ಬಂದ ನಮ್ಮ ತಂದೆಯವರ ಪತ್ರವನ್ನು ಹಿಡಿದು ನನ್ನ ಮಗಳು, "ಅಪ್ಪಾ, ನೀನೇ ಓದಿ ಹೇಳು" ಎಂದಳು. ಮಾತು ಬಲ್ಲಳು, ಅಕ್ಷರ ಅರಿಯಳು. ತಪ್ಪು ಆಕೆಯದಲ್ಲ, ನನ್ನದು.

ಆ ರಜೆಯಲ್ಲಿ ರಾತ್ರಿಯ ಊಟದ ಬಳಿಕ ಅರ್ಧ ಗಂಟೆ ಎಲ್ಲರೂ ಕೇಳುವಂತೆ ಓದುವ ಪದ್ಧತಿಯನ್ನು ಆರಂಭಿಸಿದೆವು. ಮೊದಲನೆಯದು ಡಾ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ನಮ್ಮ ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೇ ಸಸ್ಯಶಾಸ್ತ್ರ ಬೋಧಿಸಿದ ಅವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಈ ಕಥನಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎರಡನೆಯದು. ಆಲೂಗಡ್ಡೆಯಂಥವು ಸಾಗರ ದಾಟಿ ಬಂದು ನಮ್ಮ ಅಡುಗೆಮನೆಯವೇ ಆದ ವೃತ್ತಾಂತ ಅದರಲ್ಲಿದೆ. ಮೂರನೆಯದು ಅವರ ತಂದೆ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'. ಸಂಪುಟಗಳು ಹಲವಿದ್ದರೂ ಅಂಜಬೇಕಾಗಿಲ್ಲ. ದಿವಾನರು, ವಿದ್ವಾಂಸರು, ಕಲಾವಿದರನ್ನು ಕುರಿತ ಬಿಡಿ ಚಿತ್ರಗಳಿವು, ರಾತ್ರಿಗೊಂದರಂತೆ ಓದಬಹುದು.

ಓದುವಾಗ ಮಗಳು ಪಕ್ಕದಲ್ಲಿ ಕುಳಿತು ಸಾಲಿನ ಮೇಲೆ ಬೆರಳಿಡುತ್ತಿದ್ದಳು. ಒಂದು ರಾತ್ರಿ 'ಆಲೂಗಡ್ಡೆ' ಎಂಬುದನ್ನು ತಾನೇ ಕೂಡಿಸಿ ಓದಿದಳು. ರಜೆ ಮುಗಿಯುವ ಮುನ್ನ ಅಜ್ಜನಿಗೆ ನಾಲ್ಕು ಸಾಲು ಬರೆದಳು. ಕಾಗುಣಿತದ ದೋಷಗಳಿದ್ದ ಆ ಕಾಗದವನ್ನು ತಂದೆಯವರು ತಿದ್ದದೆ ಜೋಪಾನವಾಗಿ ಇರಿಸಿಕೊಂಡಿದ್ದಾರೆ. ದಿನವೆಲ್ಲ ಲೆಕ್ಕಪತ್ರಗಳಲ್ಲಿ ಮುಳುಗಿರುವ ನಾನು ಇದಕ್ಕಿಂತ ಒಳ್ಳೆಯ ಜಮೆಯನ್ನು ಕಂಡಿಲ್ಲ. ಸಂಘದ ಬಂಧುಗಳೂ ಈ ರಜೆಯಲ್ಲಿ ಅರ್ಧ ಗಂಟೆ ತೊಡಗಿಸಿ ನೋಡಬೇಕೆಂದು ವಿನಂತಿ.