ಕೆಟ್ಟ ರೇಸಿನ ಲೆಕ್ಕಾಚಾರ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿದೆ. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ 1994ರಿಂದ 100 ಮೈಲಿಯ, ಅಂದರೆ ಸುಮಾರು 160 ಕಿಲೋಮೀಟರಿನ ಮೌಂಟನ್ ಬೈಕ್ ರೇಸ್ ನಡೆಯುತ್ತಿದೆ. ಸ್ಪರ್ಧಿಸುವವರಲ್ಲಿ ಹೆಚ್ಚಿನವರು ಹವ್ಯಾಸಿಗಳು. 12 ಗಂಟೆಯೊಳಗೆ ಮುಗಿಸಿದವರಿಗೆ ಬೆಲ್ಟಿಗೆ ಹಾಕುವ ಬಕಲ್ ಸಿಗುತ್ತದೆ, 9 ಗಂಟೆಯೊಳಗೆ ಬಂದವರಿಗೆ ಅದಕ್ಕಿಂತ ದೊಡ್ಡ ಬಕಲ್. ನೌಕರಿ, ಸಂಸಾರದ ನಡುವೆ ಬೆಳಗಿನ ನಿದ್ದೆ ಬಿಟ್ಟು ತಯಾರಾದ ಒಬ್ಬರು 9 ಗಂಟೆ 4 ನಿಮಿಷಕ್ಕೆ ಗೆರೆ ದಾಟಿದರು ಎಂದುಕೊಳ್ಳಿ. ಹತ್ತು ಗಂಟೆಗೆ ಬಂದವರಿಗಿಂತ ಇವರ ಮುಖವೇ ಹೆಚ್ಚು ಬಾಡಿರುವುದು ಸಹಜ.

ಇದನ್ನು ಮನೋವಿಜ್ಞಾನ ಅಳೆದು ನೋಡಿದೆ. ವಿಕ್ಟೋರಿಯಾ ಮೆಡ್ವೆಕ್, ಸ್ಕಾಟ್ ಮೇಡಿ ಮತ್ತು ಥಾಮಸ್ ಗಿಲೊವಿಚ್ 1992ರ ಬಾರ್ಸಿಲೋನಾ ಒಲಿಂಪಿಕ್ಸಿನ ವಿಡಿಯೊಗಳನ್ನು ಜನರಿಗೆ ತೋರಿಸಿ, ಕ್ರೀಡಾಪಟುಗಳ ಮುಖದಲ್ಲಿ ಎಷ್ಟು ಸಂತೋಷ ಕಾಣುತ್ತದೆಂದು ಅಂಕ ಕೊಡಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಖುಷಿಯಾಗಿ ಕಂಡಿದ್ದರು. ಬೆಳ್ಳಿಯವರು ಕೈತಪ್ಪಿದ ಚಿನ್ನವನ್ನು ನೆನೆಯುತ್ತಾರೆ, ಕಂಚಿನವರು ಬರಿಗೈಯಲ್ಲಿ ಹೋಗುವುದು ತಪ್ಪಿತಲ್ಲ ಎಂದುಕೊಳ್ಳುತ್ತಾರೆ ಎಂಬುದು ಸಂಶೋಧಕರ ವಿವರಣೆ. ರೇಸಿನ ನಂತರದ ನೋವಿನ ತೀವ್ರತೆ ನೀವು ಎಷ್ಟು ಕೆಟ್ಟದಾಗಿ ಸ್ಪರ್ಧಿಸಿದಿರಿ ಎಂಬುದರ ಅಳತೆಯಷ್ಟೇ ಅಲ್ಲ. ಗುರಿ ಎಷ್ಟು ಹತ್ತಿರದಲ್ಲಿ ತಪ್ಪಿತು ಎಂಬುದೂ ಅದರಲ್ಲಿ ಸೇರಿರುತ್ತದೆ.

ಹಾಗಾದರೆ ದೇಹದಲ್ಲಿ ನಿಜವಾಗಿ ನಡೆದದ್ದೇನು? ಲೆಡ್‌ವಿಲ್‌ನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70ರಷ್ಟು ಮಾತ್ರ. ಅದಕ್ಕೆ ಒಗ್ಗಿರದ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದಲ್ಲಿ ಅಂದಾಜು ಶೇ. 15ರಿಂದ 20ರಷ್ಟು ಕಳೆದುಕೊಳ್ಳುತ್ತದೆ. ತಮ್ಮೂರಿನಲ್ಲಿ ಹಾಯಾಗಿ ಹತ್ತುತ್ತಿದ್ದ ವೇಗ ಇಲ್ಲಿ ಏದುಸಿರು ಬಿಡಿಸುತ್ತದೆ.

ಇನ್ನೊಂದು ಮಿತಿ ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್‌ನದು. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಂಗ್ರಹವಿರುತ್ತದೆ. ಒಟ್ಟು ಶಕ್ತಿ 2,000 ಕಿಲೊಕ್ಯಾಲರಿಯ ಆಸುಪಾಸು. ಶ್ರಮ ತೀವ್ರವಾದಷ್ಟೂ ದೇಹ ಕೊಬ್ಬನ್ನು ಬಿಟ್ಟು ಈ ಸಂಗ್ರಹಕ್ಕೇ ಹೆಚ್ಚು ಕೈಹಾಕುತ್ತದೆ. ಗುಂಪಿನ ಹುರುಪಿನಲ್ಲಿ ಮೊದಲ ಏರನ್ನು ಜೋರಾಗಿ ಹತ್ತಿದ್ದರ ಸಾಲ ವಸೂಲಾಗುವುದು ಆಗಲೇ ಅಲ್ಲ, ಸುಮಾರು 128 ಕಿಲೋಮೀಟರ್ ಕಳೆದ ಮೇಲೆ ಬರುವ ‘ಪವರ್‌ಲೈನ್’ ಏರಿನಲ್ಲಿ. ಅಲ್ಲಿ ಅನೇಕರು ಇಳಿದು ಸೈಕಲ್ ತಳ್ಳುತ್ತಾರೆ. ದಾರಿಯುದ್ದಕ್ಕೂ ತಿನ್ನುತ್ತಿದ್ದರೂ ಕರುಳು ಹೀರಿಕೊಳ್ಳುವುದಕ್ಕೆ ಮಿತಿಯಿದೆ: ಗ್ಲೂಕೋಸ್ ಒಂದೇ ಆದರೆ ಗಂಟೆಗೆ ಸುಮಾರು 60 ಗ್ರಾಂ, ಫ್ರಕ್ಟೋಸ್ ಬೆರೆತರೆ 90 ಗ್ರಾಂನಷ್ಟು.

ಇಷ್ಟೆಲ್ಲ ಕಾರಣಗಳಿದ್ದರೂ ಮನಸ್ಸು ಒಂದನ್ನೇ ಹಿಡಿದುಕೊಳ್ಳುತ್ತದೆ. ಸೋಲಿಗೆ ನಾವು ಕೊಡುವ ಕಾರಣಗಳನ್ನು ಮನೋವಿಜ್ಞಾನಿ ಬರ್ನಾರ್ಡ್ ವೈನರ್ ಮೂರು ಪ್ರಶ್ನೆಗಳಿಂದ ವಿಂಗಡಿಸಿದರು. ಕಾರಣ ನನ್ನೊಳಗಿನದೋ ಹೊರಗಿನದೋ? ಶಾಶ್ವತವೋ ಬದಲಾಗುವಂಥದೋ? ನನ್ನ ಹಿಡಿತದಲ್ಲಿದೆಯೋ ಇಲ್ಲವೋ? ‘ನನಗೆ ಇದು ಹೇಳಿಸಿದ್ದಲ್ಲ’ ಎಂದರೆ ಕಾರಣ ಒಳಗಿನದು, ಶಾಶ್ವತವಾದದ್ದು, ಹಿಡಿತಕ್ಕೆ ಸಿಗದ್ದು. ಅಲ್ಲಿಂದ ಮುಂದೆ ದಾರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಎಲ್ಲವನ್ನೂ ಕೆಸರು, ಟೈರು, ಬಿಸಿಲಿನ ತಲೆಗೆ ಕಟ್ಟಿದರೆ ಕಲಿಯುವುದಕ್ಕೇನೂ ಉಳಿಯುವುದಿಲ್ಲ. ‘ಮೊದಲ ಏರಿನಲ್ಲಿ ಆತುರಪಟ್ಟೆ, ಮೂರನೆಯ ಗಂಟೆಯ ನಂತರ ಸರಿಯಾಗಿ ತಿನ್ನಲಿಲ್ಲ’ ಎಂಬುದೂ ಒಳಗಿನ ಕಾರಣವೇ, ಆದರೆ ತಿದ್ದಿಕೊಳ್ಳಬಹುದಾದದ್ದು.

ಅದೃಷ್ಟಕ್ಕೂ ಪಾಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಮೌಂಟನ್ ಬೈಕ್ ರೇಸಿನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಪಂಕ್ಚರ್ ಆಗಿ ಹಿಂದೆ ಬಿದ್ದರೂ ಚಿನ್ನ ಗೆದ್ದರು. ಅದೇ ಪಂಕ್ಚರ್ ಬದಲಿ ಚಕ್ರ ಸಿಗದ ಕಡೆ ಆದರೆ ಹವ್ಯಾಸಿಯ ದಿನವೇ ಮುಗಿದಂತೆ. ಫಲಿತಾಂಶದ ಪಟ್ಟಿ ಈ ಎರಡು ಪಂಕ್ಚರ್‌ಗಳ ವ್ಯತ್ಯಾಸ ಹೇಳುವುದಿಲ್ಲ.

ತನ್ನನ್ನು ತಾನೇ ಬೈದುಕೊಂಡರೆ ಮುಂದಿನ ಸಲ ಚುರುಕಾಗುತ್ತೇವೆ ಎಂಬ ನಂಬಿಕೆ ಅನೇಕರಲ್ಲಿದೆ. ಜೂಲಿಯಾನ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ಸೂಚಿಸಿದವು. ಕಠಿಣ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ, ತಮ್ಮ ಬಗ್ಗೆ ಕನಿಕರದಿಂದ ಯೋಚಿಸುವಂತೆ ಪ್ರೇರೇಪಿಸಿದ ಗುಂಪು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿತು. ಕನಿಕರ ಸೋಮಾರಿತನ ತರಲಿಲ್ಲ.

ಆದ್ದರಿಂದ ರೇಸಿನ ಸಂಜೆಯೇ ತೀರ್ಪು ಬೇಡ. ಬರಿದಾದ ಗ್ಲೈಕೋಜನ್ ತುಂಬಲು ಅನ್ನ, ರೊಟ್ಟಿಯಂಥ ಪಿಷ್ಟದ ಊಟ ಚೆನ್ನಾಗಿ ಮಾಡಿದರೂ ಸುಮಾರು ಒಂದು ದಿನ ಬೇಕು, ಆ ದಣಿವಿನಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಶಿಕ್ಷೆಯೆಂಬಂತೆ ಮರುದಿನವೇ ಕಠಿಣ ತಾಲೀಮಿಗೆ ಇಳಿಯುವುದಂತೂ ಬೇಡವೇ ಬೇಡ. ಎರಡು ಮೂರು ದಿನ ಬಿಟ್ಟು ಸೈಕಲ್ ಕಂಪ್ಯೂಟರಿನ ದಾಖಲೆ ತೆರೆಯಿರಿ. ಮೊದಲ ಗಂಟೆಯ ಹೃದಯಬಡಿತ ಎಷ್ಟಿತ್ತು, ಏನು ತಿಂದಿರಿ, ಎಲ್ಲಿ ನಿಂತಿರಿ ಎಂದು ನೋಡಿ, ಹಿಡಿತದಲ್ಲಿದ್ದ ಕಾರಣಗಳನ್ನೂ ಇಲ್ಲದವುಗಳನ್ನೂ ಬೇರೆ ಬೇರೆ ಬರೆಯಿರಿ. ವಾರಗಳಾದರೂ ದಣಿವು ಇಳಿಯದಿದ್ದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ, ಕಬ್ಬಿಣದ ಕೊರತೆಯೂ ಕಾಲು ಸೋಲಿಸಬಲ್ಲದು. ಮುಂದಿನ ರೇಸಿಗೆ ಹೆಸರು ಕೊಡುವ ಮೊದಲು ನಿಮ್ಮ ಪಟ್ಟಿಯಿಂದ ತಿದ್ದಬಹುದಾದ ಒಂದನ್ನು ಮಾತ್ರ ಆರಿಸಿ ಅದನ್ನೇ ಅಭ್ಯಾಸ ಮಾಡಿ, ಉಳಿದದ್ದನ್ನು ಬಿಡಿ.