ಮೀನು ಸತ್ತಿದ್ದು ದೃಷ್ಟಿಯಿಂದಲ್ಲ, ಅಂಗಡಿಯಿಂದ ಇರಬಹುದು

ಮನೆಯ ಅಕ್ವೇರಿಯಂನಲ್ಲಿ ಮೀನು ಸತ್ತರೆ ದುಃಖಪಡಬೇಡಿ, ಮನೆಯವರಿಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಗಿದೆ, ಕೂಡಲೇ ಬೇರೆ ಮೀನು ತಂದು ಬಿಡಿ. ಈ ಅರ್ಥದ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ನಿಮಗೂ ಬಂದಿರಬಹುದು, ನೀವೂ ನಾಲ್ಕು ಜನರಿಗೆ ಕಳಿಸಿರಬಹುದು.

ಈ ಮಾತಿನಿಂದ ಮನೆಯ ಕಂಟಕ ಹೋಗುತ್ತದೋ ಇಲ್ಲವೋ, ಮೀನಿನ ಅಂಗಡಿಗಂತೂ ಲಾಭವಿದೆ. ಸತ್ತ ಮೀನಿನ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಬದಲಿಗೆ ಇನ್ನೊಂದನ್ನು ಕೊಳ್ಳುತ್ತಾರೆ. ಸರಿಯಾಗಿ ಸಾಕಿದರೆ 10 ವರ್ಷಕ್ಕೂ ಹೆಚ್ಚು ಬದುಕುವ ಗೋಲ್ಡ್ ಫಿಷ್ ಮನೆಗೆ ಬಂದ ವಾರದಲ್ಲೇ ಸತ್ತರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಎಷ್ಟೋ ಸಲ ಆ ಕಾರಣ ಹುಟ್ಟಿಕೊಂಡಿರುವುದು ಅಂಗಡಿಯಲ್ಲಿ. ಅದನ್ನು ಕೊಳ್ಳುವ ಮೊದಲೇ ಪತ್ತೆ ಹಚ್ಚುವುದು ಹೇಗೆ ಎಂದು ಇಲ್ಲಿ ನೋಡೋಣ.

ಸರ್ಕಾರ ತಪಾಸಣೆ ಮಾಡುವುದಿಲ್ಲವೇ ಎಂದು ನೀವು ಕೇಳಬಹುದು. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮಗಳನ್ನು ತಂದಿತ್ತು. ವ್ಯಾಪಾರಿಗಳ ವಿರೋಧದ ನಡುವೆ ಕೆಲವೇ ತಿಂಗಳಲ್ಲಿ ಅವನ್ನು ಹಿಂಪಡೆಯಿತು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಪಂಜರದ ಹಕ್ಕಿಗಳ ಬಗ್ಗೆ ಹೇಳುತ್ತವೆ, ಮೀನಿನ ಬಗ್ಗೆ ಅಲ್ಲ. ಹೀಗಾಗಿ ತೊಟ್ಟಿಯ ಮುಂದೆ ನಿಂತು ಬಗ್ಗಿ ನೋಡುವ ಕೆಲಸ ಗಿರಾಕಿಗಳಾದ ನಮ್ಮದೇ.

ಕನ್ನಡಿಯಂಥ ನೀರು ಎಂದರೆ ಒಳ್ಳೆಯ ನೀರೇ?

ಅಂಗಡಿಗೆ ಹೋದಾಗ ನಾವೆಲ್ಲ ಮೊದಲು ನೋಡುವುದು ಹೊಳಪನ್ನು. ಬಣ್ಣದ ಲೈಟು, ಫಳಫಳ ಹೊಳೆಯುವ ಗಾಜು, ತಿಳಿ ನೀರು ಕಂಡರೆ ಒಳ್ಳೆಯ ಅಂಗಡಿ ಎಂದುಕೊಳ್ಳುತ್ತೇವೆ. ಆದರೆ ಮೀನನ್ನು ಕೊಲ್ಲುವ ವಸ್ತುವಿಗೆ ಬಣ್ಣವೇ ಇಲ್ಲ.

ಮೀನು ತನ್ನ ದೇಹದ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಅದರ ಪ್ರಮಾಣ ಸ್ವಲ್ಪ ಏರಿದರೂ ಕಿವಿರು ಸುಟ್ಟಂತಾಗುತ್ತದೆ. ಫಿಲ್ಟರ್‌ನ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಮತ್ತೆ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಕೊನೆಯಲ್ಲಿ ಉಳಿಯುವ ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದು ವಿಷದ ನೀರಾಗಿರಬಹುದು.

ಹಾಗಾಗಿ ಅಂಗಡಿಯ ತೊಟ್ಟಿಯ ಹಿಂದಿನ ಗಾಜಿನಲ್ಲಿ ಒಂದಿಷ್ಟು ಹಸಿರು ಪಾಚಿ ಕಂಡರೆ ಮೂಗು ಮುರಿಯಬೇಡಿ. ಫೈಟರ್ ಮೀನಿನ ನೀರು ಟೀ ಬಣ್ಣಕ್ಕಿದ್ದರೂ ಗಾಬರಿ ಬೇಡ. ಒಣಗಿದ ಕಾಡುಬಾದಾಮಿ ಎಲೆ ಹಾಕಿರುತ್ತಾರೆ, ಅದು ಆ ಮೀನಿಗೆ ಹಿತ. ಆದರೆ ನೀರು ನೀಲಿ ಅಥವಾ ಹಳದಿ ಬಣ್ಣಕ್ಕಿದ್ದರೆ ಅಲ್ಲಿ ಔಷಧಿ ಹಾಕಿರುವ ಸಾಧ್ಯತೆ ಹೆಚ್ಚು. ಔಷಧಿ ಹಾಕುವುದು ತಪ್ಪಲ್ಲ, ಕಾಯಿಲೆಗೆ ಚಿಕಿತ್ಸೆ ಕೊಡುತ್ತಿದ್ದಾರೆ ಎಂದರೆ ಒಳ್ಳೆಯದೇ. ಆ ತೊಟ್ಟಿಯ ಮೀನನ್ನು ಇವತ್ತೇ ಮಾರುತ್ತಿದ್ದಾರೆ ಎಂದರೆ ಮಾತ್ರ ಯೋಚಿಸಬೇಕು.

ಮೀನನ್ನು ಅಲ್ಲ, ಇಡೀ ತೊಟ್ಟಿಯನ್ನು ನೋಡಿ

ನಿಮಗೆ ಇಷ್ಟವಾದ ಒಂದು ಮೀನು ಚುರುಕಾಗಿದ್ದರೆ ಸಾಲದು. ಇದಕ್ಕೆ ಒಂದು ಕಾಯಿಲೆಯ ಉದಾಹರಣೆ ಸಾಕು. ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಬರುವ ರೋಗವನ್ನು ಅಂಗಡಿಯವರು ವೈಟ್ ಸ್ಪಾಟ್ ಎನ್ನುತ್ತಾರೆ. ಅದು ಒಂದು ಪರಾವಲಂಬಿ ಜೀವಿಯಿಂದ ಬರುತ್ತದೆ. ಚುಕ್ಕೆಯೊಳಗೆ ಬೆಳೆದ ಜೀವಿ ಮೀನಿನಿಂದ ಕಳಚಿ ತೊಟ್ಟಿಯ ತಳಕ್ಕೆ ಬೀಳುತ್ತದೆ, ಅಲ್ಲಿ ಒಡೆದು ನೂರಾರು ಮರಿಗಳಾಗುತ್ತದೆ, ಆ ಮರಿಗಳು ಈಜಿ ಹೊಸ ಮೀನನ್ನು ಹುಡುಕುತ್ತವೆ. ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಈ ಚಕ್ರ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಅಂದರೆ ತೊಟ್ಟಿಯಲ್ಲಿ ಒಂದೇ ಒಂದು ಮೀನಿಗೆ ಚುಕ್ಕೆ ಇದ್ದರೂ, ಚುಕ್ಕೆ ಇಲ್ಲದ ಮೀನನ್ನು ಆರಿಸಿಕೊಂಡು ಬಂದೆವು ಎಂದು ಸಮಾಧಾನಪಡುವಂತಿಲ್ಲ. ಕಣ್ಣಿಗೆ ಕಾಣದ ಮರಿಗಳು ಅದಕ್ಕೂ ಅಂಟಿರುತ್ತವೆ. ಮನೆಗೆ ಬಂದು ನಾಲ್ಕೈದು ದಿನಕ್ಕೆ ಚುಕ್ಕೆ ಕಾಣಿಸಿಕೊಂಡಾಗ ಮನೆಯ ಹಳೆಯ ಮೀನುಗಳೂ ಅಪಾಯಕ್ಕೆ ಸಿಲುಕಿರುತ್ತವೆ.

ಕೆಲವು ಅಂಗಡಿಗಳಲ್ಲಿ ಹತ್ತಾರು ತೊಟ್ಟಿಗಳಿಗೆ ಕೊಳವೆ ಜೋಡಿಸಿ ಒಂದೇ ದೊಡ್ಡ ಫಿಲ್ಟರ್ ಇಟ್ಟಿರುತ್ತಾರೆ. ಅಲ್ಲಿ ಗಾಜು ಬೇರೆ ಬೇರೆ ಇದ್ದರೂ ನೀರು ಒಂದೇ, ಕಾಯಿಲೆಯೂ ಒಂದೇ. ಬಲೆಯ ಮೇಲೂ ಕಣ್ಣಿಡಿ. ಕಾಯಿಲೆ ಮೀನಿನ ತೊಟ್ಟಿಗೆ ಅದ್ದಿದ ಬಲೆಯನ್ನೇ ಪಕ್ಕದ ತೊಟ್ಟಿಗೂ ಅದ್ದುತ್ತಿದ್ದರೆ, ಎಷ್ಟೇ ಚೆಂದದ ಅಂಗಡಿಯಾದರೂ ನಾವು ವಾಪಸ್ ಬರುತ್ತೇವೆ. ಬಲೆಯನ್ನು ಔಷಧಿ ನೀರಿನ ಬಕೆಟ್‌ನಲ್ಲಿ ಅದ್ದಿಡುವ ಅಂಗಡಿಗಳೂ ಇವೆ. ಅಂಥವರನ್ನು ಬಿಡಬೇಡಿ.

ತೊಟ್ಟಿಯ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿ. ಮೀನುಗಳು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ಅಲುಗಾಡದೆ ನಿಂತಿದ್ದರೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಹೊಟ್ಟೆ ಒಳಕ್ಕೆ ಹೋಗಿದ್ದರೆ, ಹೊಟ್ಟೆ ಊದಿ ಹುರುಪೆಗಳು ಹೊರಕ್ಕೆ ನಿಮಿರಿದ್ದರೆ ಕೊಳ್ಳಬೇಡಿ. ಗೋಲ್ಡ್ ಫಿಷ್‌ಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು ಅಥವಾ ಕಿವಿರಿಗೆ ಪೆಟ್ಟಾಗಿರಬಹುದು. ಆದರೆ ಇದೇ ಕೆಲಸವನ್ನು ಫೈಟರ್ ಅಥವಾ ಗೌರಾಮಿ ಮಾಡಿದರೆ ಅದು ಸಹಜ, ಅವುಗಳಿಗೆ ಗಾಳಿಯಿಂದ ನೇರವಾಗಿ ಉಸಿರಾಡುವ ಅಂಗವೇ ಇದೆ. ಇನ್ನೊಂದು ಮಾತು. ಗಂಡು ಗೋಲ್ಡ್ ಫಿಷ್‌ನ ಕಿವಿರು ಮುಚ್ಚಳದ ಮೇಲೆ ಮಾತ್ರ ಸಾಲಾಗಿ ಸಣ್ಣ ಬಿಳಿ ಚುಕ್ಕೆ ಇದ್ದರೆ ಅದು ರೋಗವಲ್ಲ, ಮರಿ ಮಾಡುವ ಕಾಲದಲ್ಲಿ ಬರುವ ಗುರುತು. ಚುಕ್ಕೆ ಕಂಡ ಕೂಡಲೇ ಅಂಗಡಿಯವರ ಮೇಲೆ ಹರಿಹಾಯಬೇಡಿ.

ನೂರಾರು ಮೀನುಗಳಿರುವ ಕಡೆ ಒಂದು ಸತ್ತ ಮೀನು ಕಂಡರೆ ಅದು ಅಪರಾಧವೂ ಅಲ್ಲ. ಸತ್ತು ಹತ್ತಿಯಂತೆ ಬೂಸ್ಟು ಹಿಡಿದ ಮೀನು ಇನ್ನೂ ತೊಟ್ಟಿಯಲ್ಲೇ ಇದೆ, ಉಳಿದವು ಅದನ್ನು ಕುಕ್ಕುತ್ತಿವೆ ಎಂದರೆ ಬೆಳಗ್ಗೆಯಿಂದ ಯಾರೂ ತೊಟ್ಟಿ ನೋಡಿಲ್ಲ ಎಂದರ್ಥ.

ಅಣ್ಣಾ, ಈ ಮೀನು ಬಂದು ಎಷ್ಟು ದಿನ ಆಯ್ತು?

ಕೇಳಬೇಕಾದ ಪ್ರಶ್ನೆಗಳಲ್ಲಿ ಇದೇ ಮುಖ್ಯ. ದಕ್ಷಿಣ ಭಾರತದ ಅಂಗಡಿಗಳಿಗೆ ಬರುವ ಬಣ್ಣದ ಮೀನಿನ ದೊಡ್ಡ ಮಾರುಕಟ್ಟೆಗಳಲ್ಲಿ ಚೆನ್ನೈನ ಕೊಳತ್ತೂರು ಒಂದು. ಅಂಥ ಕಡೆಗಳಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನು ಗಂಟೆಗಟ್ಟಲೆ ಪ್ರಯಾಣ ಮಾಡಿ ಬರುತ್ತದೆ. ಚೀಲದೊಳಗೆ ಅಮೋನಿಯಾ ಕೂಡುತ್ತಾ ಹೋಗುತ್ತದೆ. ಜೊತೆಗೆ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲೀಯ ಮಾಡುವುದರಿಂದ ಆ ಅಮೋನಿಯಾ ಅಷ್ಟಾಗಿ ಬಾಧಿಸುವುದಿಲ್ಲ. ಚೀಲ ಬಿಚ್ಚಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ನೀರಿನ ಗುಣ ಬದಲಾಗುತ್ತದೆ, ಅದುವರೆಗೆ ಸುಮ್ಮನಿದ್ದ ಅಮೋನಿಯಾ ವಿಷವಾಗುತ್ತದೆ. ಇಷ್ಟೆಲ್ಲ ದಾಟಿ ಬಂದ ಮೀನನ್ನು ಅದೇ ಸಂಜೆ ಇನ್ನೊಂದು ಚೀಲಕ್ಕೆ ಹಾಕಿ ನಿಮ್ಮ ಕೈಗೆ ಕೊಟ್ಟರೆ ಅದು ಬದುಕುವುದಾದರೂ ಹೇಗೆ?

ಒಂದು ವಾರವಾದರೂ ಅಂಗಡಿಯಲ್ಲೇ ಇದ್ದು, ತಿಂದು, ಓಡಾಡಿಕೊಂಡಿರುವ ಮೀನನ್ನು ಕೊಳ್ಳಿ. ನಿನ್ನೆಯಷ್ಟೇ ಲೋಡ್ ಬಂದಿದೆ ಎಂದು ಅಂಗಡಿಯವರೇ ಹೇಳಿದರೆ ಅದು ಪ್ರಾಮಾಣಿಕತೆ. ಅಡ್ವಾನ್ಸ್ ಕೊಟ್ಟು ಮುಂದಿನ ವಾರ ತೆಗೆದುಕೊಂಡು ಹೋಗುತ್ತೇನೆ ಎನ್ನಿ. ಹಾಗೆಯೇ, ಸ್ವಲ್ಪ ಆಹಾರ ಹಾಕಿ ತೋರಿಸಿ ಎಂದು ಕೇಳಿ. ತಿನ್ನಲು ಬರದ ಮೀನು ನಮ್ಮ ಮನೆಗೂ ಬೇಡ.

ಒಳ್ಳೆಯ ಅಂಗಡಿಯವರು ತಾವೂ ನಿಮಗೆ ಪ್ರಶ್ನೆ ಕೇಳುತ್ತಾರೆ. ಟ್ಯಾಂಕ್ ಎಷ್ಟು ದೊಡ್ಡದು, ಯಾವಾಗ ಹಾಕಿದ್ದು, ಒಳಗೆ ಈಗ ಯಾವ ಮೀನಿದೆ ಎನ್ನುತ್ತಾರೆ. ಬೆಂಗಳೂರಿನಲ್ಲಾದರೆ ಬೋರ್ ನೀರೋ ಕಾವೇರಿ ನೀರೋ ಎಂದೂ ಕೇಳಬೇಕು. ಗಡಸು ಬೋರ್ ನೀರಿಗೆ ಗಪ್ಪಿ, ಮೋಲಿ ಹೊಂದಿಕೊಳ್ಳುತ್ತವೆ, ಮೆದು ನೀರಿನ ನಿಯಾನ್ ಟೆಟ್ರಾಗೆ ಕಷ್ಟ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಆಂಟಿ-ಕ್ಲೋರಿನ್ ಹನಿ ಹಾಕದೆ ಮೀನು ಬಿಡುವಂತಿಲ್ಲ. ಟ್ಯಾಂಕು, ಕಲ್ಲು, ಮೀನು ಮೂರನ್ನೂ ಒಂದೇ ದಿನ ಕಟ್ಟಿ ಕೊಡುವವರಿಗಿಂತ, ಟ್ಯಾಂಕ್ ತಗೊಂಡು ಹೋಗಿ ನೀರು ಓಡಿಸಿ, ಮೀನಿಗೆ ಆಮೇಲೆ ಬನ್ನಿ ಎನ್ನುವವರ ಮಾತು ನಂಬಿ. ಅವರು ಇವತ್ತಿನ ವ್ಯಾಪಾರ ಬಿಟ್ಟುಕೊಟ್ಟು ಹೇಳುತ್ತಿದ್ದಾರೆ.

ಅಂಗಡಿಯನ್ನು ಪರೀಕ್ಷಿಸಲು ಇನ್ನೊಂದು ದಾರಿಯಿದೆ. ವಾಸ್ತು ಪ್ರಕಾರ ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು ಗೋಲ್ಡ್ ಫಿಷ್ ಇಡಬೇಕು ಎಂಬ ಫಾರ್ವರ್ಡ್ ನೀವು ಓದಿರುತ್ತೀರಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿಗೆ ಒಂಬತ್ತು ಗೋಲ್ಡ್ ಫಿಷ್ ಬೇಕು ಎಂದು ಕೇಳಿ ನೋಡಿ. ಅದನ್ನು ತುಳುಕುವಷ್ಟು ತುಂಬಿದರೂ ಹಿಡಿಯುವುದು 56 ಲೀಟರ್. ಗೋಲ್ಡ್ ಫಿಷ್ ಕಾರ್ಪ್ ಕುಟುಂಬದ ಮೀನು, ಅರ್ಧ ಅಡಿಗೂ ಹೆಚ್ಚು ಬೆಳೆಯುತ್ತದೆ, ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುತ್ತದೆ. ಅಷ್ಟು ನೀರಿನಲ್ಲಿ ಒಂಬತ್ತು ಮೀನು ಬಿಟ್ಟರೆ ಅಮೋನಿಯಾ ಏರಿ ಒಂದೊಂದಾಗಿ ಸಾಯುತ್ತವೆ. ಆಗ ಕಂಟಕ ಹೋಯಿತು ಎಂಬ ಮೊದಲಿನ ಸಂದೇಶ ಕೆಲಸಕ್ಕೆ ಬರುತ್ತದೆ! ಬೇಡ ಸರ್, ಅಷ್ಟು ಮೀನು ಅದರಲ್ಲಿ ಬದುಕಲ್ಲ ಎಂದು ಹೇಳುವ ಅಂಗಡಿ ಸಿಕ್ಕರೆ ಅದೇ ನಿಮ್ಮ ಅಂಗಡಿ. ಮೀನು ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತೆ, ಯೋಚನೆ ಮಾಡಬೇಡಿ ಎಂದರೆ ಹೊರಡಿ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ, ಆದರೆ ಅದು ಹೊಂದಾಣಿಕೆಯಲ್ಲ, ಕೆಟ್ಟ ನೀರಿನ ಪರಿಣಾಮ.

ಬಣ್ಣ ಚುಚ್ಚಿದ ಮೀನು

ಒಂದೇ ಜಾತಿಯ ಮೀನು ಒಂದೇ ತೊಟ್ಟಿಯಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣಗಳಲ್ಲಿ ಹೈಲೈಟರ್ ಪೆನ್ನಿನಿಂದ ಗೀಚಿದಂತೆ ಕಂಡರೆ ಅನುಮಾನಪಡಿ. ನಮ್ಮ ದೇಶದ ನದಿ-ಕೆರೆಗಳಲ್ಲೇ ಸಿಗುವ ಗಾಜಿನಂಥ ಪಾರದರ್ಶಕ ಮೀನಿನ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ದಂಧೆ ಹಳೆಯದು. ಬಿಳಿ ಟೆಟ್ರಾ, ಪ್ಯಾರಟ್ ಮೀನುಗಳಿಗೂ ಕೃತಕ ಬಣ್ಣ ಹಾಕುತ್ತಾರೆ. ಆ ಬಣ್ಣ ಕಾಲಕ್ರಮೇಣ ಮಾಸುತ್ತದೆ, ಸೂಜಿಯ ಗಾಯದಿಂದ ಸೋಂಕು ತಗಲುತ್ತದೆ. ವಂಶವಾಹಿ ಬದಲಿಸಿ ಹುಟ್ಟಿನಿಂದಲೇ ಬಣ್ಣ ಬರುವಂತೆ ಮಾಡಿದ ಮೀನುಗಳೂ ಜಗತ್ತಿನಲ್ಲಿವೆ, ಅವು ಬೇರೆ. ಇದು ಸಹಜ ಬಣ್ಣವೇ ಎಂದು ಕೇಳಿದಾಗ ಅಂಗಡಿಯವರು ಮಾತು ಹಾರಿಸಿದರೆ ಉತ್ತರ ಸಿಕ್ಕಿದಂತೆಯೇ. ನಕ್ಷತ್ರ ಆಮೆ ಬೇಕಾ ಎಂದು ಪಿಸುಗುಟ್ಟಿದರಂತೂ ಅಲ್ಲಿ ನಿಲ್ಲಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ, ಕೊಂಡವರಿಗೂ ತೊಂದರೆ ತಪ್ಪಿದ್ದಲ್ಲ.

ಮೀನು ಕೊಂಡ ಮೇಲೆ ಚೀಲವನ್ನು ಬಿಸಿಲಿಗೆ ಹಿಡಿಯದೆ ತನ್ನಿ. ಹದಿನೈದು ನಿಮಿಷ ಚೀಲವನ್ನು ಬಿಚ್ಚದೆ ಟ್ಯಾಂಕಿನ ನೀರಿನ ಮೇಲೆ ತೇಲಿಬಿಟ್ಟು ಎರಡರ ಬಿಸಿ ಸಮವಾದ ನಂತರ ಬಲೆಯಲ್ಲಿ ಮೀನನ್ನಷ್ಟೇ ಒಳಗೆ ಬಿಡಿ. ಅಂಗಡಿಯ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಬಿಲ್ ಕೊಡುವ ಮೊದಲು ಕೇಳಬೇಕಾದ ಕೊನೆಯ ಪ್ರಶ್ನೆ, ಇದು ದೊಡ್ಡದಾದ ಮೇಲೆ ವಾಪಸ್ ತಗೋತೀರಾ ಎಂಬುದು. ಪಾಚಿ ತಿನ್ನುತ್ತದೆ ಎಂದು ಬೆರಳುದ್ದದ ಸಕ್ಕರ್ ಮೀನನ್ನು ಮಾರುತ್ತಾರೆ. ದಕ್ಷಿಣ ಅಮೆರಿಕ ಮೂಲದ ಆ ಮೀನು ಒಂದು ಅಡಿ ಮೀರಿ ಬೆಳೆಯುತ್ತದೆ. ಆಗ ಜನ ಪುಣ್ಯ ಬರುತ್ತದೆ ಎಂದು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ಗಟ್ಟಿ ಚಿಪ್ಪಿನ ಮೈಯ ಅದನ್ನು ನಮ್ಮ ಕೆರೆಯಲ್ಲಿ ತಿನ್ನುವವರು ಕಡಿಮೆ, ಅದು ಮಾತ್ರ ಏರಿಗಳಲ್ಲಿ ಬಿಲ ತೋಡಿ, ಮೀನುಗಾರರ ಬಲೆ ಹರಿದು, ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಭಾರತದ ಹಲವು ರಾಜ್ಯಗಳ ಕೆರೆ-ನದಿಗಳಲ್ಲಿ ಇದು ಈಗಾಗಲೇ ನೆಲೆಯೂರಿದೆ. ವಾಪಸ್ ತೆಗೆದುಕೊಳ್ಳುತ್ತೇವೆ ಎನ್ನುವ ಅಂಗಡಿಯಾದರೆ ಸರಿ. ಇಲ್ಲವೆಂದರೆ ಸಕ್ಕರ್ ಮೀನನ್ನು ಅಲ್ಲೇ ಬಿಟ್ಟು, ಗಾಜು ಉಜ್ಜಲು ಸೋಪು ತಾಗದ ಹೊಸ ಸ್ಪಾಂಜು ತಗೊಂಡು ಬನ್ನಿ.